ಹೊಟ್ಟೆ ತುಂಬಿದೋರಿಗೆ ಮಾತ್ರ ತಟ್ಟೆ ಇಡ್ಲಿ

ಡಿಸೆಂಬರ್‌ನಲ್ಲಿ ಒಂದು ಶನಿವಾರ ರಾತ್ರಿ ತಂಗಿ ಫೋನ್ ಮಾಡಿ "ಅಣ್ಣ, ನಾಳೆ ಫ್ರೀ ಇದೀಯಾ, ಪುಟ್ಟಿಗೆ ಎಂಟನೇ ಕ್ಲಾಸಿಗೆ ಸೀಟ್ ನೋಡ್ಬೇಕು, ನೀನೂ ಬಾ, ಇವರಿಗೆ ಅಲ್ಲಿ ಇಂಗ್ಲಿಷಲ್ಲಿ ಏನಾದ್ರೂ ಕೇಳಿಬಿಟ್ರೆ ಬೆವರು ಕಿತ್ಕೊಂಡು ಬರುತ್ತೆ" ಅಂದ್ಲು. ಅಲ್ಲ ಕಣೇ, ಪುಟ್ಟಿ ಇನ್ನೂ ಏಳನೇ ಕ್ಲಾಸೇ ಮುಗಿಸಿಲ್ಲ, ಸ್ಕೂಲ್ ಶುರುವಾಗೋದು ಜೂನ್‌ಗೆ ತಾನೇ ಅಂದೆ. "ಜೂನಾ? ಒಳ್ಳೆ ಸ್ಕೂಲಲ್ಲಿ ಜೂನ್‌ಗೆ ಸೀಟ್ ಕೇಳೋದು ಹಬ್ಬ ಮುಗಿದ್ಮೇಲೆ ಪಟಾಕಿ ಅಂಗಡಿ ಹುಡುಕಿದಂಗೆ, ನಿನಗೆ ಪ್ರಪಂಚ ಗೊತ್ತಿಲ್ಲ ಬಿಡು" ಅಂತ ಬೈದು ಇಟ್ಟಳು. ಪ್ರಪಂಚ ನೋಡೋಣ ಅಂತಲೇ ಹೋದೆ.

ತುಮಕೂರಿನವರಿಗೆ ಹೇಳೋದೇ ಬೇಡ, ಬಟವಾಡಿಯಿಂದ ಗುಬ್ಬಿ ಗೇಟ್ ತನಕ ಬಿ.ಎಚ್. ರೋಡಲ್ಲಿ ಒಂದು ಸಲ ಹೋದ್ರೆ ಸಾಕು, ಮೊದಲು ಎಲೆಕ್ಷನ್‌ಗೆ ನಿಂತೋರ ಫ್ಲೆಕ್ಸ್ ಇರ್ತಿದ್ದ ಜಾಗದಲ್ಲೆಲ್ಲ ಈಗ ಕನ್ನಡಕ ಹಾಕ್ಕೊಂಡ ಮಕ್ಕಳು, ಕೆಳಗೆ 624, 623, 622, ದೂರದಿಂದ ನೋಡಿದೋರು ಬಸ್ ರೂಟ್ ನಂಬರ್ ಅಂದ್ಕೋಬೇಕು. ಅಂಥ ಫ್ಲೆಕ್ಸುಗಳಲ್ಲೇ ಅತಿ ದೊಡ್ಡ ಫ್ಲೆಕ್ಸ್ ಇದ್ದ ಸ್ಕೂಲಿಗೆ ನಾವು ಹೋಗಿದ್ದು. ಹೆಸರು ಬೇಡ. ಹೇಳಿದ್ರೆ ಅದನ್ನೂ ಜಾಹೀರಾತು ಅಂದ್ಕೊಂಡು ನಾಳೆ ಇನ್ನೊಂದು ಇನ್ನೂರು ಜನ ಕ್ಯೂ ನಿಲ್ತಾರೆ.

ಗೇಟಲ್ಲೇ ವಾಚ್‌ಮನ್ನು "ಟೆಸ್ಟಿಗಾ ಸಾರ್?" ಅಂದ. ಒಳಗಿದ್ದ ಮೇಡಂ ತಕ್ಷಣ ತಿದ್ದಿದ್ರು, "ಟೆಸ್ಟ್ ಅಲ್ಲ ಸಾರ್, ಇಂಟರಾಕ್ಷನ್." ಸರಿ, ಇಂಟರಾಕ್ಷನ್‌ಗೆ ಏನೇನು ತರಬೇಕು ಅಂದ್ರೆ ಪೆನ್ಸಿಲ್, ರಬ್ಬರ್, ಪ್ಯಾಡು, ಎರಡು ಪೆನ್ನು. ಒಂದೂವರೆ ಗಂಟೆ, ಓಎಂಆರ್ ಶೀಟು, ತಪ್ಪಿಗೆ ಮೈನಸ್ ಮಾರ್ಕು. ಅಷ್ಟೊತ್ತೂ ಇಂಟರಾಕ್ಟ್ ಮಾಡ್ತಾ ಪಕ್ಕದೋನ ಕಡೆ ತಿರುಗಿದ್ರೆ ಎಬ್ಬಿಸಿ ಆಚೆ ಕಳಿಸ್ತಾರೆ.

ಟೆಸ್ಟ್ ಅನ್ನೋ ಪದ ಕಂಡ್ರೆ ಯಾಕಿಷ್ಟು ಮಡಿ ಅಂತೀರಾ, 2009ರ ಶಿಕ್ಷಣ ಹಕ್ಕು ಕಾಯ್ದೆ ಅಂತ ಒಂದಿದೆ, ಅದರ 13ನೇ ಸೆಕ್ಷನ್ ಪ್ರಕಾರ ಮಗುನ ಸೇರಿಸಿಕೊಳ್ಳೋವಾಗ ಮಗೂನ ಆಗ್ಲಿ ಅಪ್ಪ ಅಮ್ಮನ್ನ ಆಗ್ಲಿ ಜರಡಿ ಹಿಡಿಯೋ ಹಾಗಿಲ್ಲ, ಡೊನೇಷನ್ನೂ ಕೇಳೋ ಹಾಗಿಲ್ಲ, ಆ ಕಾಯ್ದೆ ಎಂಟನೇ ಕ್ಲಾಸಿನ ತನಕ ಅನ್ವಯ, ಜರಡಿ ಹಿಡಿದ್ರೆ ಮೊದಲನೇ ಸಲಕ್ಕೆ 25 ಸಾವಿರದ ತನಕ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರ. ಕೇಳೋಕೆ ಜೋರಾಗಿದೆ. ಅವತ್ತು ನಮ್ಮ ಭಾವ ಕೌಂಟರಲ್ಲಿ ಕೇಳಿದ ಫೀಸಿನ ಮೊದಲ ಕಂತು ಈ ಎರಡೂ ದಂಡ ಸೇರಿಸಿದ್ರೂ ಮೀರುತ್ತೆ. ಹಾಗಾಗಿ ದಂಡಕ್ಕೆ ಹೆದರಿ ಹೆಸರು ಬದಲಾಯಿಸಿದಾರೆ ಅಂತ ನನಗೇನೂ ಅನಿಸಲ್ಲ, ಪಾಪ ಕಾನೂನಿಗೆ ಒಂದು ಮರ್ಯಾದೆ ಕೊಡೋಣ ಅಂತ ಇರಬೇಕು.

ಮಕ್ಕಳು ಒಳಗೆ ಹೋದ್ಮೇಲೆ ನಮಗೆ ಅಪ್ಲಿಕೇಶನ್ ಫಾರಂ ಕೊಟ್ರು. ಏಳು ಪೇಜು. ನಾಲ್ಕನೇ ಪೇಜಲ್ಲಿ "ಮಗುವಿನ ಗುರಿ" ಅಂತ ಕಾಲಂ, ಅದರ ಮುಂದೆ ಎರಡೇ ಬಾಕ್ಸು, ಒಂದು ನೀಟ್, ಇನ್ನೊಂದು ಜೆಇಇ. ಇತರೆ ಅನ್ನೋ ಬಾಕ್ಸಿಲ್ಲ. ನಮ್ಮ ಪುಟ್ಟಿಗೆ ಹನ್ನೆರಡು ವರ್ಷ, ಅವಳಿಗೆ ಸದ್ಯಕ್ಕೆ ಇರೋ ಹುಚ್ಚು ಏನು ಅಂದ್ರೆ ಬಸ್ಸು. ಮಧುಗಿರಿ, ಪಾವಗಡ, ಶಿರಾ ಕಡೆ ಹೋಗೋ ಪ್ರೈವೇಟ್ ಬಸ್ಸುಗಳ ಹೆಸರು, ಟೈಮು, ಯಾವುದು ಕೊರಟಗೆರೆಯಲ್ಲಿ ಕಾಫಿಗೆ ನಿಲ್ಲುತ್ತೆ ಯಾವುದು ನಿಲ್ಲಲ್ಲ, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಗೆರೆ ಹೊಡೆದು ಬರೆದಿಟ್ಟಿದಾಳೆ. ಆಮೇಲೆ ಪ್ರಿನ್ಸಿಪಾಲರು ಕರೆದು "ವಾಟ್ ಈಸ್ ಯುವರ್ ಆಂಬಿಷನ್" ಅಂದಾಗ ಮುಚ್ಚುಮರೆ ಇಲ್ದೆ ಹೇಳಿದಳು, ಪ್ರೈವೇಟ್ ಬಸ್ ಸ್ಟ್ಯಾಂಡಲ್ಲಿ ಟೈಮ್ ಕೀಪರ್ ಆಗ್ಬೇಕು ಅಂತ. ತಂಗಿ ಮುಖ ಬಿಳಿಚಿಕೊಳ್ತು. ಪ್ರಿನ್ಸಿಪಾಲರು ಮಾತ್ರ ಒಂಚೂರೂ ಅಲ್ಲಾಡಲಿಲ್ಲ, ತಲೆ ಆಡಿಸಿ ಫಾರಂ ಮೇಲೆ ಏನೋ ಗೀಚಿದ್ರು, ನಾನು ಬಗ್ಗಿ ನೋಡಿದೆ: ಟೈಮ್ ಮ್ಯಾನೇಜ್‌ಮೆಂಟ್, ವೆರಿ ಗುಡ್.

ಆಮೇಲೆ ನಮ್ಮ ಸರದಿ. ಅಮ್ಮ ಏನು ಓದಿದಾರೆ, ಅಪ್ಪ ಎಷ್ಟೊತ್ತಿಗೆ ಮನೆಗೆ ಬರ್ತಾರೆ, ಮನೇಲಿ ಟಿವಿ ಇದೆಯಾ, ಇದ್ರೆ ಯಾಕಿದೆ. ಮಗು ಪಕ್ಕ ರಾತ್ರಿ ಹನ್ನೊಂದರ ತನಕ ಯಾರು ಕೂತ್ಕೋತೀರಿ ಅಂದ್ರು. ತಂಗಿ ಎಲ್‌ಐಸಿ ಏಜೆಂಟು, ಸಂಜೆ ಹೊತ್ತೇ ಅವಳಿಗೆ ಕೆಲಸ, ಆದ್ರೂ "ನಾನೇ ಸಾರ್, ಬೇಕಾದ್ರೆ ಕೆಲಸ ಬಿಡ್ತೀನಿ" ಅಂದುಬಿಟ್ಟಳು. ಮದುವೆಗೆ ಹೆಣ್ಣು ನೋಡೋಕೆ ಬಂದಾಗ್ಲೂ ಕೆಲಸ ಬಿಡು ಅಂದಿದ್ದ ಗಂಡನ್ನ ವಾಪಸ್ ಕಳಿಸಿದ್ದೋಳು ಇವಳು.

ನನಗೆ ಸುಮ್ನಿರೋಕಾಗದೆ ಪಿಟಿ ಪೀರಿಯಡ್ ಇದೆಯಾ ಸಾರ್ ಅಂದೆ. "ಟೈಮ್ ಟೇಬಲ್ಲಲ್ಲಿ ಇದೆ" ಅಂದ್ರು. ಉತ್ತರ ಅಂದ್ರೆ ಉತ್ತರ, ತಪ್ಪು ಹುಡುಕೋ ಹಾಗಿಲ್ಲ.

ಕ್ಲಾಸುಗಳನ್ನ ತೋರಿಸಿದ್ರು. ಒಂದೇ ಎಂಟನೇ ಕ್ಲಾಸಿಗೆ ಐದು ಸೆಕ್ಷನ್ನು, ಪ್ರತಿ ತಿಂಗಳೂ ಟೆಸ್ಟು, ರ‍್ಯಾಂಕ್ ಮೇಲೆ ಸೆಕ್ಷನ್ ಚೇಂಜು. ನಾವು ಕಾರಿಡಾರಲ್ಲಿ ನಿಂತಿದ್ದಾಗ, ಭಾನುವಾರದ ಕ್ಲಾಸು ಅದೂ, ಒಬ್ಬ ಹುಡುಗ ಬ್ಯಾಗು, ನೀರಿನ ಬಾಟ್ಲು, ಊಟದ ಡಬ್ಬಿ ಎಲ್ಲಾ ಎದೆಗೆ ಅವುಚಿಕೊಂಡು ಎ ಸೆಕ್ಷನ್‌ನಿಂದ ಆಚೆ ಬಂದು ಸಿ ಸೆಕ್ಷನ್ ಬಾಗಿಲಲ್ಲಿ ನಿಂತ್ಕೊಂಡ. ಒಳಗಿದ್ದ ಅಷ್ಟೂ ಮಕ್ಕಳು ತಿರುಗಿ ನೋಡಿದ್ರು. ಮೇಷ್ಟ್ರು ಕೈಲಿ ಬಾ ಅಂತ ಸನ್ನೆ ಮಾಡೋ ತನಕ ಅವನು ಬಾಗಿಲ ಹತ್ರ ಇದ್ದ ಗೋಡೆ ಗಡಿಯಾರ ನೋಡ್ತಾ ಇದ್ದ. ನಮಗೆ ತೋರಿಸ್ತಿದ್ದ ಮೇಡಂ ಬಹಳ ಹೆಮ್ಮೆಯಿಂದ "ಇದು ಮೋಟಿವೇಷನ್ ಸಾರ್" ಅಂದ್ರು.

ಹೋದ ಸಲ ಹತ್ತನೇ ಕ್ಲಾಸು 100 ಪರ್ಸೆಂಟ್ ರಿಸಲ್ಟಂತೆ. ಹೇಗೆ ಬರುತ್ತೆ ಅಂತ ಆಚೆ ಟೀ ಅಂಗಡಿಯಲ್ಲಿ ನಿಂತಿದ್ದ ಇನ್ನೊಬ್ಬ ತಂದೆ ಹೇಳಿದ್ರು, ಒಂಬತ್ತನೇ ಕ್ಲಾಸಿನ ಕೊನೇಲಿ ಮಾರ್ಕ್ಸ್ ಕಮ್ಮಿ ಇರೋರ ಅಪ್ಪ ಅಮ್ಮನ್ನ ಕರೆಸಿ ಕಾಫಿ ಕೊಟ್ಟು "ನಿಮ್ಮ ಮಗುಗೆ ಇಲ್ಲಿ ಪ್ರೆಶರ್ ಜಾಸ್ತಿ ಆಗ್ತಿದೆ" ಅಂತ ಟಿಸಿ ಕೈಗಿಡ್ತಾರಂತೆ. ಮಗುವಿನ ಮೇಲೆ ಅಷ್ಟು ಕಾಳಜಿ. ಅಂದ್ರೆ ಇಷ್ಟೇ, ಒಳಗೆ ಬರೋವಾಗ ಓದೋ ಮಕ್ಕಳನ್ನೇ ಆರಿಸಿಕೊಳ್ಳೋದು, ನಡುವೆ ಓದದೇ ಹೋದೋರನ್ನ ಆಚೆ ಹಾಕೋದು, ಕೊನೇಲಿ ಎಲ್ಲಾ ಪಾಸು ಅಂತ ಫ್ಲೆಕ್ಸ್ ಕಟ್ಟೋದು. ಕ್ಯಾತ್ಸಂದ್ರದಲ್ಲಿ ಒಬ್ಬ ತಟ್ಟೆ ಇಡ್ಲಿ ಹೋಟ್ಲು ಇಟ್ಟು, ಬಾಗಿಲಲ್ಲೇ ಹೊಟ್ಟೆ ಮುಟ್ಟಿ ನೋಡಿ ಊಟ ಮಾಡ್ಕೊಂಡು ಬಂದೋರನ್ನ ಮಾತ್ರ ಒಳಗೆ ಬಿಟ್ಟು, ತಿಂತಾ ತಿಂತಾ ಇನ್ನೊಂದು ಇಡ್ಲಿ ಕೇಳಿದೋನನ್ನ ಕತ್ತು ಹಿಡಿದು ಆಚೆ ತಳ್ಳಿ, ಆಮೇಲೆ ಹೈವೇಲಿ ಬೋರ್ಡ್ ಹಾಕಿದ ಅಂತಿಟ್ಕೊಳ್ಳಿ, "ನಮ್ಮಲ್ಲಿಂದ ಇದುವರೆಗೂ ಯಾರೂ ಹಸ್ಕೊಂಡು ಹೋಗಿಲ್ಲ" ಅಂತ. ಅದೇ ಇದು.

ಸಂಜೆ ಮನೆಗೆ ಬಂದು ಅಪ್ಪಂಗೆ ಇದನ್ನೆಲ್ಲಾ ಹೇಳಿದೆ. ಅಪ್ಪ ಓದಿದ್ದು ಸಿದ್ಧಗಂಗಾ ಮಠದಲ್ಲಿ, ನಮ್ಮಜ್ಜ ಒಂದು ಟ್ರಂಕು ಒಂದು ತಟ್ಟೆ ಕೊಟ್ಟು ಬಿಟ್ಟು ಬಂದಿದ್ರಂತೆ, ಯಾವ ಊರು ಅಂತ ಕೇಳಿ ಹೆಸರು ಬರ್ಕೊಂಡ್ರು ಅಷ್ಟೇ. ಅಪ್ಪಂಗೆ ಈ ಇಂಟರಾಕ್ಷನ್ ಎಷ್ಟು ಹೇಳಿದ್ರೂ ತಲೆಗೆ ಹೋಗ್ಲಿಲ್ಲ. "ಅಲ್ಲ ಕಣ್ಲಾ, ಎಲ್ಲಾ ಗೊತ್ತಿದ್ರೆ ಅದು ಇಸ್ಕೂಲಿಗೆ ಯಾಕ್ ಬತ್ತಿತ್ತು?" ಅಂದ್ರು. ತಂಗಿ "ಅಪ್ಪ ನಿಮ್ಮ ಕಾಲ ಬೇರೆ" ಅಂತ ಮುಗಿಸಿದಳು.

ತಂಗೀನೂ ಸುಮ್ನೆ ಹೆದರಿಲ್ಲ, ಅವಳು ಪಕ್ಕದ ಮನೇಲಿ ನೋಡಿದಾಳೆ. ಆ ಮನೆ ಹುಡುಗಿಗೆ ಎಸ್ಸೆಸ್ಸೆಲ್ಸಿಲಿ 625ಕ್ಕೆ 622 ಬಂತು. ರಿಸಲ್ಟ್ ದಿನ ಸ್ವೀಟ್ ಕೊಡೋಕೆ ಕರೆದ್ರು ಅಂತ ನಾನೂ ಹೋಗಿದ್ದೆ, ಒಳಗೆ ಕಾಲಿಟ್ರೆ ಸೂತಕದ ಮನೆ. ಹಾಲ್ ತುಂಬಾ ನೆಂಟರು, ಬಂದೋರೆಲ್ಲ ಚಪ್ಪಲಿ ಬಿಟ್ಟು ದನಿ ಇಳಿಸಿ ಒಂದೇ ಪ್ರಶ್ನೆ, "ಮೂರು ಎಲ್ಲಿ ಹೋಯ್ತು?" ಕಳ್ಳ ಸರ ಕಿತ್ಕೊಂಡು ಹೋದ ಮನೇಲಿ ಕೇಳ್ತಾರಲ್ಲ ಹಾಗೆ. ಹುಡುಗಿ ಅಮ್ಮ ಹದಿನೈದನೇ ಸಲ ಹೇಳ್ತಿದ್ರು, ಸೋಶಿಯಲ್ಲಲ್ಲಿ ಎರಡು, ಕನ್ನಡದಲ್ಲಿ ಒಂದು. "ಕನ್ನಡದಲ್ಲಾ! 125ಕ್ಕಿರೋದೇ ಅದೊಂದು, ನಮ್ಮ ಭಾಷೇಲೇ ಕೈ ಕೊಡ್ತಾ" ಅಂತ ಒಬ್ಬ ಮಾವ, ತಾನು ಕನ್ನಡದಲ್ಲಿ ಎಷ್ಟು ತಗೊಂಡಿದ್ದ ಅಂತ ಯಾರೂ ಕೇಳ್ಲಿಲ್ಲ. ಇನ್ನೊಬ್ರು ಸ್ಕ್ಯಾನ್ ಕಾಪಿ ತರ್ಸಿ ರೀವ್ಯಾಲ್ಯುಯೇಶನ್ ಹಾಕಿ ಅಂದ್ರು. ಮತ್ತೊಬ್ರು, ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲವಲ್ಲ, ಪರೀಕ್ಷೆ-2ರಲ್ಲಿ ಇನ್ನೊಂದ್ಸಲ ಬರೆದುಬಿಡ್ಲಿ, ಯಾವುದು ಜಾಸ್ತಿ ಬಂತೋ ಅದು ಇಟ್ಕೊಂಡ್ರಾಯ್ತು ಅಂದ್ರು. ಫೇಲಾದ ಮಕ್ಕಳಿಗೆ ವರ್ಷ ಹಾಳಾಗದೇ ಇರ್ಲಿ ಅಂತ ಮಾಡಿದ ವ್ಯವಸ್ಥೆ 622ರೋರ ಕಣ್ಣೀರು ಒರೆಸೋಕೂ ಬಂತು ನೋಡಿ. ಇಷ್ಟೆಲ್ಲಾ ನಡೆಯುವಾಗ ಆ ಹುಡುಗಿ ಲಾಡು ತಟ್ಟೆ ಹಿಡ್ಕೊಂಡು ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ಲು, ತನಗೆ ಸಮಾಧಾನ ಹೇಳಿದ ಒಬ್ಬೊಬ್ಬರಿಗೂ ಒಂದೊಂದು ಲಾಡು ಕೊಡ್ತಾ.

ಅದು 2025ರ ರಿಸಲ್ಟು. ಆ ವರ್ಷ ರಾಜ್ಯದಲ್ಲಿ 22 ಮಕ್ಕಳಿಗೆ 625ಕ್ಕೆ 625 ಬಂದಿತ್ತು, ಟಿವಿಲಿ ದಿನವಿಡೀ ಅವರೇ, ಬಾಯಿಗೆ ಸ್ವೀಟ್ ತುರುಕೋದೇ. ಮೊದಲ ಸಲ ಪರೀಕ್ಷೆ ಬರೆದೋರು ಸುಮಾರು 7 ಲಕ್ಷ 90 ಸಾವಿರ, ಪಾಸಾಗಿದ್ದು ಶೇ 66.14. ಅಂದ್ರೆ ಎರಡೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳು ಅವತ್ತು ಫೇಲು. ಅವರ ಮನೆಗೆ ಹೋಗಿ ಎಲ್ಲಿ ಹೋಯ್ತು ಅಂತ ಕೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ, ಊರೆಲ್ಲಾ ಈ ಮೂರು ಮಾರ್ಕ್ಸ್ ಹುಡುಕೋದ್ರಲ್ಲಿ ಬಿಜಿ. ನಮ್ಮ ಜಿಲ್ಲೆ ಬೇರೆ ಶಿಕ್ಷಣ ಇಲಾಖೆ ಲೆಕ್ಕದಲ್ಲಿ ತುಮಕೂರು, ಮಧುಗಿರಿ ಅಂತ ಎರಡು ಜಿಲ್ಲೆ, ಹಾಗಾಗಿ ರಿಸಲ್ಟ್ ದಿನ ನಮಗೆ ಎರಡೆರಡು ಸಲ ನಾಚಿಕೆ ಪಡೋ ಇಲ್ಲಾ ಬೀಗೋ ಅವಕಾಶ.

ಪೂರ್ತಿ ಬಂದೋರಾದ್ರೂ ನಿರಾಳನಾ ಅಂದ್ರೆ ಅದೂ ಇಲ್ಲ. 2024ರ ನೀಟಲ್ಲಿ ಮೊದಲು 67 ಜನಕ್ಕೆ 720ಕ್ಕೆ 720, ಎಲ್ಲರೂ ಫಸ್ಟ್ ರ‍್ಯಾಂಕು, ಆಮೇಲೆ ಗ್ರೇಸ್ ಮಾರ್ಕ್ಸು, ಮರುಪರೀಕ್ಷೆ, ಫಿಸಿಕ್ಸ್ ಪ್ರಶ್ನೆಗೆ ಸರಿ ಉತ್ತರ ಒಂದಾ ಎರಡಾ ಅಂತ ಸುಪ್ರೀಂ ಕೋರ್ಟ್ ತನಕ ಹೋಗಿ, ಕೊನೆಗೆ 17 ಜನ ಉಳಿದ್ರು. ಒಂದು ಪ್ರಶ್ನೆಗೆ ದೇಶದ ಅತಿ ದೊಡ್ಡ ಕೋರ್ಟು ಐಐಟಿ ಮೇಷ್ಟ್ರನ್ನ ಕೇಳಿ ಉತ್ತರ ಹೇಳ್ಬೇಕಾಯ್ತು, ಅದನ್ನ ನಮ್ಮ ಎಂಟನೇ ಕ್ಲಾಸಿನ ಫೌಂಡೇಶನ್ ಬ್ಯಾಚಿನ ಮಕ್ಕಳು ಒಂದು ನಿಮಿಷದಲ್ಲಿ ಹೇಳೋಕೆ ತಯಾರಾಗ್ತಿದಾರೆ.

ಜನವರಿಲಿ ಪುಟ್ಟಿಗೆ ಸೀಟ್ ಆಯ್ತು, ಬಿ ಸೆಕ್ಷನ್ನು. ಎ ಯಾಕೆ ಸಿಗ್ಲಿಲ್ಲ ಅಂತ ಮನೇಲಿ ಎರಡು ದಿನ ಅಡುಗೆಗೆ ರುಚಿ ಇರ್ಲಿಲ್ಲ. ಡಾಕ್ಯುಮೆಂಟ್ ಕೊಡೋಕೆ ಮತ್ತೆ ನಾನೇ ಹೋದೆ ತಂಗಿ ಜೊತೆ. ಆಧಾರ್, ಜಾತಿ ಪ್ರಮಾಣಪತ್ರ, ಆರು ಪಾಸ್‌ಪೋರ್ಟ್ ಸೈಜ್ ಫೋಟೋ, ಟಿಸಿ ಏಪ್ರಿಲ್‌ನಲ್ಲಿ ತಂದ್ರೆ ಸಾಕಂತೆ. ಲಿಸ್ಟಿನ ಕೊನೇಲಿ ಇನ್ನೊಂದಿತ್ತು, "ನಗುಮುಖದ ಫೋಟೋ, ಹೈ ರೆಸಲ್ಯೂಶನ್, 1." ಇದೇನು ಅಂದೆ. ಕ್ಲರ್ಕ್ ಹುಡುಗ "ಅದು ರಿಸಲ್ಟ್ ಫ್ಲೆಕ್ಸಿಗೆ ಸಾರ್, ಮೂರು ವರ್ಷ ಆದ್ಮೇಲೆ ಬೇಕಾಗುತ್ತೆ" ಅಂದ. ಮೂರು ವರ್ಷ ಆದ್ಮೇಲೆ ಬೇಕಾಗೋದು ಈಗ್ಲೇ ಯಾಕಪ್ಪ ಅಂದ್ರೆ, "ಹತ್ತನೇ ಕ್ಲಾಸಲ್ಲಿ ತೆಗೆದ್ರೆ ಸರಿ ಬರಲ್ಲ ಸಾರ್, ಅನುಭವ ಇದೆ ನಮಗೆ."

ತಂಗಿ ಅಲ್ಲೇ ಬೆಂಚ್ ಮೇಲೆ ಕೂತು ಮೊಬೈಲಲ್ಲಿ ಹುಡುಕಿದಳು. ಪುಟ್ಟಿ ಟ್ಯೂಷನ್ ಬ್ಯಾಗ್ ಜೊತೆ, ಪುಟ್ಟಿ ಒಲಿಂಪಿಯಾಡ್ ಸರ್ಟಿಫಿಕೇಟ್ ಜೊತೆ, ಪುಟ್ಟಿ ಅಬಾಕಸ್ ಕಪ್ ಹಿಡ್ಕೊಂಡು, ಎಲ್ಲದರಲ್ಲೂ ಆಧಾರ್ ಕಾರ್ಡಿನ ಮುಖ. ಹಿಂದಕ್ಕೆ ಹೋಗಿ ಹೋಗಿ ಕೊನೆಗೆ ಒಂದು ಸಿಕ್ತು, ಅವಳು ನಾಲ್ಕನೇ ಕ್ಲಾಸಲ್ಲಿದ್ದಾಗ ದೇವರಾಯನದುರ್ಗಕ್ಕೆ ಹೋಗಿದ್ದು, ಮೆಟ್ಟಿಲ ಮೇಲೆ ನನ್ನ ಕೈಲಿದ್ದ ಕಡ್ಲೆಪುರಿ ಪೊಟ್ಟಣವನ್ನ ಒಂದು ಕೋತಿ ಕಿತ್ಕೊಳ್ತಿದೆ, ಪಕ್ಕದಲ್ಲಿ ಪುಟ್ಟಿ ಹಲ್ಲೆಲ್ಲಾ ಕಾಣೋ ಹಾಗೆ, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದಾಳೆ.

ಕ್ಲರ್ಕ್ ಹುಡುಗ ಫೋನ್ ಇಸ್ಕೊಂಡು ಎರಡು ಬೆರಳಲ್ಲಿ ಜೂಮ್ ಮಾಡಿ ನೋಡಿದ. "ಸೂಪರ್ ಮೇಡಂ, ಇದೇ ಕಳ್ಸಿ. ಕೋತಿ ತೆಗೀತೀವಿ, ಆ ಅಂಕಲ್‌ನೂ ತೆಗೀತೀವಿ."