ಬ್ಯಾಗ್ ಚಂದ ಉಂಟು ಅಂದರೆ ರೇಟು ಹೇಳಬೇಕಾ?

ನಮ್ಮೂರಲ್ಲಿ ಯಾರನ್ನಾದರೂ ಮುಖದೆದುರೇ ಹೊಗಳಿ ನೋಡಿ. ಅವರಿಗೆ ಮೊದಲು ಬರುವುದು ಸಂತೋಷ ಅಲ್ಲ, ಸಂಶಯ. ಇವಳಿಗೆ ನನ್ನಿಂದ ಏನೋ ಆಗ್ಲಿಕ್ಕುಂಟು ಅಂತ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಮನೆಗೆ ಹೋಗಿ ಹಲಸಿನ ಹಣ್ಣು ಲಾಯ್ಕ ಉಂಟು ಅಂತ ಬಾಯಿತಪ್ಪಿ ಹೇಳಿದಿರೋ, ಹೊರಡುವಾಗ ಒಂದು ಇಡೀ ಹಣ್ಣು ನಿಮಗಿಂತ ಮೊದಲು ರಿಕ್ಷಾ ಹತ್ತಿರ್ತದೆ. ಮಗು ಗುಂಡುಗುಂಡಗೆ ಉಂಟಲ್ಲ ಅಂದರೆ ಅಜ್ಜಿಯ ಮುಖ ಸಣ್ಣದಾಗ್ತದೆ. "ಎಂತ ಗುಂಡಗೆ ಮಾರಾಯ್ತಿ, ನಾಲ್ಕು ದಿನದಿಂದ ಒಂದು ತುತ್ತು ಇಳಿಯುದಿಲ್ಲ." ನೀವು ಗೇಟು ದಾಟುವ ಮೊದಲೇ ಉಪ್ಪು-ಮೆಣಸು ಒಲೆಗೆ ಬಿದ್ದಿರ್ತದೆ.

ಇಂಥ ಊರಿನ ಮಕ್ಕಳಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಮಾತಾಡ್ಲಿಕ್ಕೆ ಕಲಿಸುವುದು. ಹೆಚ್ಚಿನವರು ನರ್ಸಿಂಗ್ ಮುಗಿಸಿ, ವಿದೇಶಕ್ಕೆ ಹೋಗ್ಲಿಕ್ಕೆ ಬೇಕಾದ ಐಇಎಲ್‌ಟಿಎಸ್ ಅಥವಾ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುವವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ. ಮೂರು ಭಾಷೆಯಲ್ಲಿ ಜಗಳ ಆಡ್ಲಿಕ್ಕೆ ಬರುವವರಿಗೆ ನಾಲ್ಕನೆಯದು ಕಷ್ಟ ಏನಲ್ಲ. ವ್ಯಾಕರಣ ಹೇಗೋ ಸರಿಯಾಗ್ತದೆ. ಹೊಗಳುವಲ್ಲಿಗೆ ಮತ್ತು ಹೊಗಳಿಸಿಕೊಳ್ಳುವಲ್ಲಿಗೆ ಬಂದಾಗ ಎಲ್ಲರೂ ಸಿಕ್ಕಿಬೀಳುತ್ತಾರೆ.

ಈಗ ಐರ್ಲೆಂಡಿನಲ್ಲಿರುವ ಒಬ್ಬಳು ಅಲ್ಲಿಯ ಆಸ್ಪತ್ರೆಗೆ ಸೇರಿದ ಹೊಸತರಲ್ಲಿ ವಾಯ್ಸ್ ಮೆಸೇಜು ಕಳಿಸಿದ್ದಳು. ಅಲ್ಲಿಯದೇ ಒಬ್ಬ ನರ್ಸ್ ಕಾರಿಡಾರಿನಲ್ಲಿ ಎದುರಾಗಿ "ಐ ಲವ್ ಯುವರ್ ಬ್ಯಾಗ್" ಅಂದಳಂತೆ. ಇವಳು ನಿಂತು ಶುರು ಮಾಡಿದಳು. ಮಂಗಳೂರಿನ ಹಂಪನಕಟ್ಟೆಯಲ್ಲಿ ತಗೊಂಡದ್ದು, ಆರುನೂರೈವತ್ತು ರೂಪಾಯಿ, ಜಿಪ್ ಈಗ ಸ್ವಲ್ಪ ತಕರಾರು, ಅಣ್ಣ ಬರುವಾಗ ನಿಮಗೂ ಒಂದು ತರಿಸಲಾ? ಕೇಳಿ ಮುಗಿಸುವಾಗ ಆ ಹುಡುಗಿ ಲಿಫ್ಟಿನ ಹತ್ತಿರ ಮುಟ್ಟಿಯಾಗಿತ್ತು. "ಟೀಚರ್, ಅವಳಿಗೆ ಬ್ಯಾಗ್ ಬೇಕಿತ್ತಾ, ಬೇಡವಾ? ಅದೊಂದು ಹೇಳಿ."

ಬೇಡ ಮಗಾ. ನಾವು ದಾರಿಯಲ್ಲಿ ಸಿಕ್ಕಿದವರನ್ನು "ಊಟ ಆಯ್ತಾ?" ಅಂತ ಕೇಳುತ್ತೇವಲ್ಲ, ಆಗಿಲ್ಲ ಅಂದರೆ ಬಡಿಸ್ಲಿಕ್ಕೆ ನಮ್ಮ ಕೈಯಲ್ಲಿ ಏನಾದರೂ ಉಂಟಾ? ಅವಳ ಬ್ಯಾಗಿನ ಮಾತೂ ಅಷ್ಟೇ. ನಿನ್ನನ್ನು ಕಂಡೆ, ನಾವಿಬ್ಬರೂ ಸರಿಯಾಗಿದ್ದೇವೆ, ಇನ್ನು ಹೋಗುತ್ತೇನೆ.

ಇದು ನನ್ನ ತಲೆಯಿಂದ ಹೊರಟದ್ದಲ್ಲ. ಜೋನ್ ಮೇನ್ಸ್, ನೆಸ್ಸಾ ವುಲ್ಫ್‌ಸನ್ ಎಂಬ ಇಬ್ಬರು ಭಾಷಾ ಸಂಶೋಧಕರು, ಅಮೆರಿಕದ ಜನ ದಿನನಿತ್ಯ ಆಡುವ 686 ಹೊಗಳಿಕೆಗಳನ್ನು ಒಟ್ಟುಮಾಡಿ 1981ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವು ಒಂದೇ ಅಚ್ಚಿನವು: ನಿನ್ನ ಇಂಥದ್ದು ಚೆನ್ನಾಗಿದೆ, ಅಷ್ಟೆ. ಮೂರು ಅಚ್ಚು ಸೇರಿಸಿದರೆ ಶೇಕಡಾ 85 ಮುಗಿಯಿತು. ಗುಣವಾಚಕ ಇರುವಲ್ಲಿ ಮೂರರಲ್ಲಿ ಎರಡು ಪಾಲು ನೈಸ್, ಗುಡ್, ಬ್ಯೂಟಿಫುಲ್, ಪ್ರೆಟಿ, ಗ್ರೇಟ್ ಎಂಬ ಐದರೊಳಗೇ. ಹುಟ್ಟಿನಿಂದ ಇಂಗ್ಲಿಷ್ ಆಡುವವರ ಬಂಡವಾಳ ಇಷ್ಟು! ನಮ್ಮ ಕೆಲವು ತರಬೇತುದಾರರು "ಮನಸಾರೆ ಹೊಗಳಿ, ಹೊಸ ಹೊಸ ಶಬ್ದ ಬಳಸಿ" ಅಂತ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ಯಾತಕ್ಕೆ ಅಂತ ನನಗೆ ತಿಳಿಯುವುದಿಲ್ಲ.

ಆ ಪಟ್ಟಿಯಿಂದ ಕೆಡುಕೇ ಹೆಚ್ಚು. ನಮ್ಮಲ್ಲಿ ಹೊಗಳಿಕೆಗೆ ಇರುವುದು ಎರಡೇ ಸ್ಥಿತಿ. ಒಂದು, ಬಾಯಿ ಮುಚ್ಚಿ ಕೂತುಕೊಳ್ಳುವುದು. ಇನ್ನೊಂದು, ಸನ್ಮಾನಪತ್ರ. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಬಿನ್ನವತ್ತಳೆ, ಅದನ್ನು ಓದ್ಲಿಕ್ಕೆ ಗಂಟಲಿರುವ ಒಬ್ಬ ಮಾಷ್ಟ್ರು. ನಡುವೆ ಏನೂ ಇಲ್ಲ. ಹಾಗಾಗಿ ನಮ್ಮ ಹುಡುಗಿ ಇಂಗ್ಲಿಷಿನಲ್ಲಿ ಹೊಗಳ್ಲಿಕ್ಕೆ ಬಾಯಿ ತೆರೆದರೆ ಬರುವುದು ಸನ್ಮಾನಪತ್ರವೇ. ಪೆನ್ನು ಕೊಟ್ಟವರಿಗೆ "ಯೂ ಆರ್ ಎ ವೆರಿ ಗ್ರೇಟ್ ಆಂಡ್ ಕೈಂಡ್ ಹಾರ್ಟೆಡ್ ಪರ್ಸನ್" ಅಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಪೆನ್ನು ಕೊಟ್ಟವ ಅದನ್ನು ವಾಪಸ್ ಕೇಳ್ಲಿಕ್ಕೂ ಧೈರ್ಯ ಬಾರದೆ ನಿಂತಿದ್ದ.

ಬಾಯಿ ಮುಚ್ಚಿ ಕೂತವರಿಗೆ ಮೆಚ್ಚುಗೆ ಇಲ್ಲ ಅಂತಲ್ಲ. ನಮ್ಮ ನೆರೆಮನೆಯ ಹುಡುಗನಿಗೆ ಶಾಲಾ ಕಲೋತ್ಸವದ ಯಕ್ಷಗಾನದಲ್ಲಿ ಎ ಗ್ರೇಡ್ ಬಂತು. ಅವನ ಅಜ್ಜ ಹೇಳಿದ್ದು, "ಪ್ರವೇಶದಲ್ಲಿ ಎಡದ ಹೆಜ್ಜೆ ಸ್ವಲ್ಪ ಹಿಂದೆ ಬಿತ್ತು." ಅಷ್ಟೇ. ಹುಡುಗನ ಮುಖ ಬಾಡಿತು. ಮರುದಿನ ಅದೇ ಅಜ್ಜ ಹಾಲಿನ ಸೊಸೈಟಿಯ ಜಗಲಿಯಲ್ಲಿ ಕೂತು, ಹಾಲು ಹಾಕ್ಲಿಕ್ಕೆ ಬಂದ ಒಬ್ಬೊಬ್ಬರಿಗೂ ಮೊಮ್ಮಗನ ಪದ್ಯ, ಅರ್ಥ, ಕುಣಿತ ಎಲ್ಲ ವರದಿ ಮಾಡಿದರು. ಹುಡುಗನಿಗೆ ಆ ಸುದ್ದಿ ಮೂರು ಮನೆ ಸುತ್ತಿ ಬಂದು ಮುಟ್ಟಿತು. ನನಗೆ ಈ ಸುತ್ತುದಾರಿ ಇಷ್ಟವೇ. ಆದರೆ ಐರ್ಲೆಂಡಿನ ವಾರ್ಡಿನಲ್ಲಿ ಹಾಲಿನ ಸೊಸೈಟಿ ಇಲ್ಲವಲ್ಲ.

ಉತ್ತರ ಕೊಡುವ ವಿಷಯಕ್ಕೆ ಬಂದರೆ, ಇಂಗ್ಲಿಷಿನವರೇನೂ ಸರಾಗವಾಗಿ ಥ್ಯಾಂಕ್ಯೂ ಹೇಳಿ ಮುಗಿಸುವವರಲ್ಲ. ಜನರ ಮಾತುಕತೆಯನ್ನೇ ಅಧ್ಯಯನ ಮಾಡುವ ಅನಿಟಾ ಪಾಮರಂಟ್ಸ್ 1978ರಲ್ಲೇ ಇದನ್ನು ಬಿಡಿಸಿಟ್ಟಿದ್ದಾರೆ: ಎದುರಿನವರ ಮಾತು ಒಪ್ಪದಿದ್ದರೆ ಅವರಿಗೆ ಬೇಜಾರು, ಒಪ್ಪಿದರೆ ಸ್ವಂತ ಹೊಗಳಿಕೆ. ಆ ಇಕ್ಕಟ್ಟಿನಲ್ಲಿ ಅವರೂ ಸ್ವಲ್ಪ ತಗ್ಗಿಸಿ ಹೇಳುತ್ತಾರೆ, ಇಲ್ಲವೇ ನಿಮ್ಮದೂ ಚೆನ್ನಾಗಿದೆ ಅಂತ ತಿರುಗಿಸಿ ಕೊಡುತ್ತಾರೆ. ಇಕ್ಕಟ್ಟು ಎಲ್ಲ ಕಡೆಯದ್ದು, ಜಾರಿಕೊಳ್ಳುವ ದಾರಿ ಮಾತ್ರ ಬೇರೆ. ಪೆಸಿಫಿಕ್ ಸಮುದ್ರದ ಸಮೋವಾ ದ್ವೀಪದಲ್ಲಿ ಸರ ಚಂದ ಉಂಟು ಅಂದರೆ ಕೊರಳಿಂದ ತೆಗೆದು ಕೊಡುವುದುಂಟಂತೆ. ನ್ಯೂಜಿಲೆಂಡಿನ ಭಾಷಾತಜ್ಞೆ ಜಾನೆಟ್ ಹೋಮ್ಸ್ ಇದನ್ನು ಬರೆದದ್ದು ಓದಿದಾಗ ನನಗೆ ಬದಿಯಡ್ಕದ ಹಲಸಿನ ಹಣ್ಣೇ ನೆನಪಾದದ್ದು.

ಇನ್ನು "ವಿನಯ ನಮ್ಮ ಸಂಸ್ಕೃತಿ, ಅದನ್ನು ಬಿಟ್ಟುಕೊಡಬಾರದು" ಅನ್ನುವವರಿಗೆ ಚೀನಾದ ಶಿಆನ್ ಊರಿನ ಕಥೆ. ಭಾಷಾತಜ್ಞ ರಾಂಗ್ ಚೆನ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನವರು ಶೇಕಡಾ 95ಕ್ಕೂ ಹೆಚ್ಚು ಸಲ ಹೊಗಳಿಕೆಯನ್ನು ತಳ್ಳಿಹಾಕಿದ್ದರು. ಅದೇ ಊರಿನಲ್ಲಿ ಮತ್ತೆ ವಿಚಾರಿಸಿ 2010ರಲ್ಲಿ ಬರೆದಾಗ ಒಪ್ಪಿಕೊಳ್ಳುವವರೇ ಹೆಚ್ಚಾಗಿದ್ದರು. ಒಂದು ತಲೆಮಾರು ಕೂಡ ಬೇಕಾಗಲಿಲ್ಲ. ನಮ್ಮಲ್ಲೂ ಈಗ ಶುರುವಾಗಿದೆ. ನನ್ನ ಸೋದರಸೊಸೆಗೆ ಸೀರೆ ಒಪ್ಪುತ್ತದೆ ಅಂದರೆ "ಥ್ಯಾಂಕ್ಸ್ ಚಿಕ್ಕಮ್ಮ" ಅಂತ ಹೇಳಿ ನಡೆದೇಬಿಡುತ್ತಾಳೆ. ಎಲ್ಲಿ ತಗೊಂಡದ್ದು, ಎಷ್ಟು ಕೊಟ್ಟದ್ದು ಅಂತ ಸಣ್ಣ ಮಾತುಕತೆಗೆ ಕಾದು ನಿಂತವಳು ನಾನು!

ನಾನು ಕ್ಲಾಸಿನಲ್ಲಿ ಈಗ ಮಾಡಿಸುವುದು ಬಹಳ ಸಣ್ಣದು. ಕಣ್ಣಿಗೆ ಕಂಡ ಒಂದು ವಸ್ತು ಅಥವಾ ಒಂದು ಕೆಲಸ ಹಿಡಿದು ಐದಾರು ಶಬ್ದದಲ್ಲಿ ಹೇಳಿ ಮುಂದೆ ಹೋಗುವುದು. ಹೇಳಿಸಿಕೊಂಡವರು ಥ್ಯಾಂಕ್ಯೂ ಅಂದು ಅದಕ್ಕೆ ಒಂದೇ ಒಂದು ವಾಕ್ಯ ಸೇರಿಸುವುದು, ಅಕ್ಕ ಕೊಟ್ಟದ್ದು ಅಂತಲೋ ಏನೋ. ರೇಟು ಬೇಡ, ಜಿಪ್ಪಿನ ಕಥೆ ಬೇಡ. ಮೊದಮೊದಲು ಎಲ್ಲರಿಗೂ ನಗು ಬರ್ತದೆ, ನಾಟಕ ಮಾಡಿದ ಹಾಗೆ ಆಗ್ತದೆ ಟೀಚರ್ ಅನ್ನುತ್ತಾರೆ. ನಾಟಕವೇ. ಊಟ ಆಯ್ತಾ ಅಂತ ಕೇಳುವುದು ಮತ್ತೆಂತ?

ಹುಡುಗರಿಗೆ ಮಾತ್ರ ಒಂದು ಕಟ್ಟುನಿಟ್ಟು ಹಾಕಿದ್ದೇನೆ. ಹೋಮ್ಸ್ ನ್ಯೂಜಿಲೆಂಡಿನಲ್ಲಿ ಲೆಕ್ಕ ಹಾಕಿದಾಗ ಹೊಗಳುವವರೂ ಹೊಗಳಿಸಿಕೊಳ್ಳುವವರೂ ಹೆಚ್ಚಾಗಿ ಹೆಂಗಸರೇ ಇದ್ದರು. ಹೆಂಗಸರು ತಮ್ಮತಮ್ಮೊಳಗೆ ಕೂದಲು, ಬಟ್ಟೆ ಅಂತ ಹೇಳಿಕೊಳ್ಳುವುದನ್ನು ಗಂಡಸು ಹೋಗಿ ಹೇಳಿದರೆ ಸಂಗತಿ ಬೇರೆಯಾಗ್ತದೆ. ಹಾಗಾಗಿ ಕೆಲಸ ಹೊಗಳಿ, ವೇಷ ಹೊಗಳಬೇಡಿ ಅಂತ. ಒಬ್ಬ ಎದ್ದು ನಿಂತು ಕೇಳಿದ, ಸಾಕ್ಸಿನಲ್ಲಿ ಕಾರ್ಟೂನ್ ಇದ್ದರೆ ಹೊಗಳಬಹುದಾ ಟೀಚರ್ ಅಂತ. ಮಕ್ಕಳ ವಾರ್ಡಾದರೆ ಅಡ್ಡಿ ಇಲ್ಲ ಅಂದಿದ್ದೇನೆ.