ಅಪ್ಪನ ಕಿವಿಗೆ ಅಪ್ಪನ ಮಾತು ಬೇಕು

ಅಪ್ಪ ಗಂಗಾವತಿಯ ರೈಸ್ ಮಿಲ್‌ನಲ್ಲಿ 30 ವರ್ಷ ದುಡಿದವರು. ಈಗ ಟಿವಿ ಸೌಂಡ್ ಜಾಸ್ತಿ ಇಡುತ್ತಾರೆ, ಮೊಮ್ಮಕ್ಕಳು ಕೂಗಿದರೆ ತಿರುಗುವುದಿಲ್ಲ. ಪುಣೆಯ ನಮ್ಮ ಮನೆಗೆ ಬಂದಾಗ ಕಿವಿ ಪರೀಕ್ಷೆ ಮಾಡಿಸಿದೆ.

ಅಲ್ಲಿನ ಏರ್ಪಾಡು ಚೆನ್ನಾಗಿತ್ತು. ಹೊರಗಿನ ಸದ್ದು ಬಾರದ ಪುಟ್ಟ ಕೋಣೆ. ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ ಗುರುತಿನ ಹೆಡ್‌ಫೋನ್. 'ಪೀಂ' ಅಂತ ಕೇಳಿಸಿದಾಗಲೆಲ್ಲ ಬಟನ್ ಒತ್ತಬೇಕು. 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ; ಹರ್ಟ್ಸ್ ಹೆಚ್ಚಿದಷ್ಟೂ ಸ್ವರ ಕೀರಲಾಗುತ್ತದೆ. ಯಾವ ಸ್ವರ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಗೆರೆ ಕಂಪ್ಯೂಟರ್ ಪರದೆ ಮೇಲೆ ಮೂಡುತ್ತಾ ಹೋಯಿತು. 4000ದ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿಯಿತು. ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿ ದುಡಿದವರ ಕಿವಿಗೆ ಹೆಚ್ಚಾಗಿ ಮೊದಲ ಪೆಟ್ಟು ಅಲ್ಲೇ.

ಆಮೇಲೆ ಮಾತಿನ ಪರೀಕ್ಷೆ. ಹೆಡ್‌ಫೋನ್‌ನಲ್ಲಿ ಬಂದ ಪದವನ್ನು ಹಾಗೇ ತಿರುಗಿ ಹೇಳಬೇಕು. ಪದಗಳೆಲ್ಲ ಹಿಂದಿ. ಅಪ್ಪ ನನ್ನ ಕಡೆ ನೋಡಿ, "ಕೇಳಸ್ತದಪಾ, ಆದ್ರ ಏನಂತಾರೋ ತಿಳಿವಲ್ದು" ಅಂದರು. ಅಂಕ ತೀರಾ ಕಡಿಮೆ ಬಂತು. ಅದನ್ನೇ ನೋಡಿ ಪರೀಕ್ಷೆ ಮಾಡಿದವರು, ಕಿವಿ ಮಷಿನ್ ಹಾಕಿದರೂ ಅಷ್ಟೇನು ಉಪಯೋಗವಿಲ್ಲ ಅಂದುಬಿಟ್ಟರು. ನನಗೆ ಸಂಕಟವಾಯಿತು. ಆ ಅಂಕ ಕಿವಿಯದಲ್ಲ, ಭಾಷೆಯದು ಅಲ್ವಾ?

ಊರಿಗೆ ಹೋದಾಗ ಬಳ್ಳಾರಿಯಲ್ಲಿ ಮತ್ತೆ ಮಾಡಿಸಿದೆವು. ಕೋಣೆ ಸಾಧಾರಣ. ಫ್ಯಾನ್ ಆರಿಸಿದರೂ ರಸ್ತೆಯ ಆಟೋ ಸದ್ದು ಒಳಗೆ ಬರುತ್ತಿತ್ತು. ಇಂಥಲ್ಲಿ ಮೆಲ್ಲಗಿನ ಸ್ವರ ಮುಚ್ಚಿಹೋಗಿ, ಕಿವಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಅದು ಸರಿಯಾಗಲೇಬೇಕು. ಆದರೆ ಅಲ್ಲಿನ ಆಡಿಯಾಲಜಿಸ್ಟ್ (ಕಿವಿ ಪರೀಕ್ಷೆಯ ತಜ್ಞರು), ತುಟಿ ಕಾಣದ ಹಾಗೆ ಬಾಯಿಗೆ ಕಾಗದ ಅಡ್ಡ ಹಿಡಿದು, ಮೈಕಿನಲ್ಲಿ ಕನ್ನಡದಲ್ಲೇ ಹೇಳಿದರು: "ಮರ", "ಎಮ್ಮೆ", "ರೊಟ್ಟಿ". ಅಪ್ಪ ಪಟಪಟ ತಿರುಗಿ ಹೇಳಿದರು. ತಪ್ಪಿದ್ದು ಕೆಲವೇ, ಅದೂ ಸ, ಶ ಬರುವ ಪದಗಳು. ಆ ಅಕ್ಷರಗಳ ಸದ್ದು ಹೆಚ್ಚು ಹರ್ಟ್ಸ್ ಇರುವ ಕೀರಲು ಸ್ವರಗಳಲ್ಲೇ ಇರುತ್ತದೆ, ಹಾಗಾಗಿ ಪುಣೆಯ ಗೆರೆಗೂ ಇದು ಹೊಂದುತ್ತದೆ.

ಪರೀಕ್ಷೆ ಮಾಡುವವರು ಪದಗಳನ್ನು ಬಾಯಲ್ಲಿ ಹೇಳುವುದರಲ್ಲೂ ಒಂದು ತೊಡಕಿದೆ. ಇವತ್ತು ಹೇಳಿದ ಹಾಗೆ ಆರು ತಿಂಗಳ ನಂತರ ಹೇಳಲಾಗದು. ರೆಕಾರ್ಡ್ ಮಾಡಿದ ಪದ ಬದಲಾಗುವುದಿಲ್ಲ. ಕಂಪ್ಯೂಟರಿನಿಂದ ಆಗುವ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಪರೀಕ್ಷೆಗೆಂದೇ ಕನ್ನಡದ ಪದಪಟ್ಟಿಗಳು ಅಲ್ಲಿ ತಯಾರಾಗಿವೆ. ಅಂಥ ಪದಗಳ ರೆಕಾರ್ಡಿಂಗ್ ಪುಣೆಯ ಕಂಪ್ಯೂಟರಿನಲ್ಲೂ ಇರಬೇಕು, ಬಳ್ಳಾರಿಯದರಲ್ಲೂ ಇರಬೇಕು.

ಹೊರನಾಡಿನಲ್ಲಿರುವವರು ಹಿರಿಯರನ್ನು ಕರೆದುಕೊಂಡು ಹೋದಾಗ, ಮಾತಿನ ಪರೀಕ್ಷೆ ಯಾವ ಭಾಷೆಯಲ್ಲಿ ಅಂತ ಮೊದಲೇ ಕೇಳಿ. ಕನ್ನಡ ಇಲ್ಲ ಅಂದರೆ, ಪರೀಕ್ಷೆ ಮಾಡಿದ ಭಾಷೆ ಯಾವುದು ಅಂತ ರಿಪೋರ್ಟಿನಲ್ಲಿ ಬರೆಸಿ.