ದವನಕ್ಕೆ ಮದ್ದಿನ ಪಟ್ಟ ಬೇಕಿಲ್ಲ

ಕಳೆದ ವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂದು ಬಿತ್ತು. ಎಡಗಡೆ ತುಳಸಿ, ದೊಡ್ಡಪತ್ರೆ, ಪುದೀನ, ಬಜೆ, ಲಾವಂಚ, ದವನ. ಬಲಗಡೆ ಒಂದೊಂದರ ಎದುರಿಗೂ ಅದು ವಾಸಿ ಮಾಡುತ್ತದೆನ್ನುವ ಕಾಯಿಲೆ. ದವನದ ಪಾಲಿಗೆ ಸಕ್ಕರೆ ಕಾಯಿಲೆ ಬಂದಿತ್ತು, ತುಳಸಿಯ ಪಾಲಿಗೆ ಕ್ಯಾನ್ಸರ್. ಕಳಿಸಿದವರು ಎಪ್ಪತ್ತು ದಾಟಿದ ಹಿರಿಯರು, ಕಳಿಸಿದ್ದು ಪ್ರೀತಿಯಿಂದ. ಆದ್ದರಿಂದ ಅಲ್ಲಿ ವಾದಕ್ಕಿಳಿಯದೆ, ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪಟ್ಟಿಗಳು ಆಧಾರವಿಲ್ಲದ ಮಾತಾಡುತ್ತವೆ ಎಂಬುದು ನನ್ನ ತಕರಾರಿನ ಅರ್ಧ ಭಾಗ ಮಾತ್ರ. ಇನ್ನರ್ಧವೆಂದರೆ, ಈ ಗಿಡಗಳಿಂದ ನಮ್ಮ ಮನೆಗಳಲ್ಲಿ ದಿನವೂ ಆಗುತ್ತಿದ್ದ ಉಪಯೋಗಗಳಲ್ಲಿ ಒಂದಕ್ಕೂ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ದವನದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅನ್ಯಾಯ ಹೆಚ್ಚಾಗಿರುವುದು ಅದಕ್ಕೇ. ಹಸಿರಿಗೆ ಬೂದಿ ಬೆರೆಸಿದಂಥ ಬಣ್ಣದ, ಸಣ್ಣಗೆ ಸೀಳಿದ ಎಲೆಗಳ, ಮೊಣಕಾಲೆತ್ತರದ ಈ ಗಿಡವನ್ನು ಬಯಲುಸೀಮೆಯಲ್ಲಿ ನವೆಂಬರ್ ಹೊತ್ತಿಗೆ ಬಿತ್ತಿ, ನಾಲ್ಕು ತಿಂಗಳೊಳಗೆ ಕೊಯ್ಯುತ್ತಾರೆ. ಹೊಲದಿಂದ ಅದು ಪೇಟೆಗೆ ಬರುವ ಕಾಲಕ್ಕೆ ಸರಿಯಾಗಿ ಚೈತ್ರ ಮಾಸ ಬರುತ್ತದೆ. ಆ ತಿಂಗಳ ಹುಣ್ಣಿಮೆಗೆ ನಮ್ಮಲ್ಲಿ ದವನದ ಹುಣ್ಣಿಮೆ ಎಂದೇ ಹೆಸರು. ಹೂವಾಡಗಿತ್ತಿಯರು ಕನಕಾಂಬರದ ದಂಡೆಯಲ್ಲಿ ನಾಲ್ಕು ಬೆರಳಿಗೊಂದರಂತೆ ದವನದ ಎಸಳನ್ನೋ ಮರುಗದ ಕುಡಿಯನ್ನೋ ಸೇರಿಸಿ ಕಟ್ಟುವುದು ಬರಿಯ ಅಂದಕ್ಕಲ್ಲ: ಕನಕಾಂಬರಕ್ಕೆ ಬಣ್ಣವಿದೆ, ವಾಸನೆಯಿಲ್ಲ, ಮಲ್ಲಿಗೆಗೆ ವಾಸನೆಯಿದೆ, ಆದರೆ ಮರುದಿನಕ್ಕೆ ಅದು ಕಂದಿ ಹೋಗುತ್ತದೆ, ದವನವೋ ಒಣಗಿದ ಮೇಲೂ ಘಮ ಬಿಡುವುದಿಲ್ಲ. ನನ್ನ ತಾಯಿ ಬಾಡಿದ ದಂಡೆಯನ್ನು ಗಿಡದ ಬುಡಕ್ಕೆ ಹಾಕುವ ಮೊದಲು ಅದರಿಂದ ದವನವನ್ನಷ್ಟೇ ಬಿಡಿಸಿ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದರು. ಜಗತ್ತಿನ ಸುಗಂಧ ತಯಾರಕರು ಕೊಳ್ಳುವ ದವನದ ಎಣ್ಣೆ ಬಹುಪಾಲು ಕರ್ನಾಟಕ, ಆಂಧ್ರ, ತಮಿಳುನಾಡುಗಳ ಹೊಲಗಳದ್ದು. ಆ ಎಣ್ಣೆಯ ಮುಖ್ಯ ಘಟಕಕ್ಕೆ ರಸಾಯನಶಾಸ್ತ್ರದಲ್ಲಿ ದವನೋನ್ ಎಂದು ಈ ಗಿಡದ ಹೆಸರನ್ನೇ ಇಟ್ಟಿದ್ದಾರೆ. ಇಷ್ಟೆಲ್ಲ ಇರುವ ಗಿಡವನ್ನು ಸಕ್ಕರೆ ಕಾಯಿಲೆಯ ಮದ್ದೆಂದು ಪರಿಚಯಿಸುವ ಅಗತ್ಯ ಏನಿತ್ತು? ಇಲಿಗಳ ಮೇಲೆ ಪ್ರಯೋಗಗಳು ನಡೆದದ್ದುಂಟು, ಆದರೆ ಇಲಿಯಿಂದ ಮನುಷ್ಯನ ಮಾತ್ರೆಯ ಡಬ್ಬಿಯವರೆಗೆ ದಾರಿ ಬಲು ದೂರ.

ಪರಿಮಳದ ಸೊಪ್ಪುಗಳ ಬಗ್ಗೆ ತಿಳಿದಿರಬೇಕಾದ ಒಂದು ಸರಳ ಸಂಗತಿಯಿದೆ. ತುಳಸಿ, ಪುದೀನ, ಮರುಗ, ಕಾಮಕಸ್ತೂರಿ, ದೊಡ್ಡಪತ್ರೆಗಳಲ್ಲಿ ಎಣ್ಣೆ ಇರುವುದು ಎಲೆಯ ಮೇಲ್ಮೈಯ ಕಣ್ಣಿಗೆ ಕಾಣದಷ್ಟು ಚಿಕ್ಕ ಗ್ರಂಥಿಗಳಲ್ಲಿ. ಬೆರಳಲ್ಲಿ ಹೊಸಕಿದರೆ ಅವು ಒಡೆಯುತ್ತವೆ, ಎಣ್ಣೆ ಗಾಳಿಗೆ ಹಾರುತ್ತದೆ, ನಮ್ಮ ಮೂಗಿಗೆ ಬರುವುದು ಹಾಗೆ ಹಾರಿದ್ದೇ. ಇಡೀ ಬೀದಿಗೆ ಘಮ್ಮೆನ್ನುವಂತೆ ತುಳಸಿಯನ್ನು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ ಕಷಾಯ ಮಾಡುವವರು ಯೋಚಿಸಬೇಕಾದದ್ದು ಇದನ್ನೇ: ಬೀದಿಗೆ ಹೋದದ್ದು ಲೋಟದಲ್ಲಿ ಇರುವುದಿಲ್ಲ. ಒಲೆ ಆರಿಸಿದ ಮೇಲೆ ಎಲೆ ಹಾಕಿ ತಟ್ಟೆ ಮುಚ್ಚುತ್ತಿದ್ದ ಹಳೆಯ ಹೆಂಗಸರ ಕ್ರಮವೇ ಸರಿ.

ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ದೊಡ್ಡಪತ್ರೆಯ ತಂಬುಳಿ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಅದಕ್ಕೆ ಸಾಂಬಾರಸೊಪ್ಪು ಎನ್ನುತ್ತಿದ್ದರು. ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹಬ್ಬಿಕೊಂಡಿರುತ್ತಿತ್ತು. ದಪ್ಪನೆಯ, ಮೈಮೇಲೆ ಮಖಮಲ್ಲಿನಂಥ ರೋಮವಿರುವ ಹತ್ತು ಹನ್ನೆರಡು ಎಲೆಗಳನ್ನು ತೊಳೆದು, ತುಪ್ಪದಲ್ಲಿ ಜೀರಿಗೆ ಮತ್ತು ನಾಲ್ಕು ಕಾಳುಮೆಣಸು ಸಿಡಿದ ಮೇಲೆ ಬಾಣಲೆಗೆ ಹಾಕಬೇಕು. ನೋಡನೋಡುತ್ತಿದ್ದಂತೆ ಎಲೆಗಳು ನೀರು ಬಿಟ್ಟು ಕಾಲು ಭಾಗಕ್ಕೆ ಕುಗ್ಗುತ್ತವೆ, ಓಮವನ್ನು ನೆನಪಿಸುವ ಖಾರದ ವಾಸನೆ ಏಳುತ್ತದೆ. ಆ ವಾಸನೆ ಎದ್ದ ಕೂಡಲೇ ಇಳಿಸಬೇಕು. ಇನ್ನೂ ಹುರಿದರೆ ಕಹಿಯ ಚೂರು ಉಳಿಯುತ್ತದೆ, ಘಮ ಉಳಿಯುವುದಿಲ್ಲ. ಆರಿದ ಮೇಲೆ ತೆಂಗಿನತುರಿಯ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಓಮದ ನೆನಪಾಗುವುದು ಸುಮ್ಮನೆ ಅಲ್ಲ. ಓಮದಲ್ಲಿರುವ ಥೈಮಾಲ್ ಮತ್ತು ಅದರ ಅಣ್ಣತಮ್ಮನಂತಿರುವ ಕಾರ್ವಕ್ರಾಲ್ ಈ ಎಲೆಯಲ್ಲೂ ಇವೆ. ಬೇಸಗೆಯ ಮಧ್ಯಾಹ್ನ ಊಟ ಸೇರದೆ ಕುಳಿತವನಿಗೆ ಎರಡು ಸೌಟು ತಂಬುಳಿ ಅನ್ನವನ್ನು ಒಳಗಿಳಿಸುತ್ತದೆ. ಇದನ್ನು ಉಪಯೋಗವೆಂದು ಕರೆಯಲು ನಮಗೇಕೆ ಸಂಕೋಚವೋ ತಿಳಿಯದು. ಕಾಯಿಲೆಯ ಹೆಸರೊಂದು ಪಕ್ಕದಲ್ಲಿಲ್ಲದಿದ್ದರೆ ನಮಗೆ ಯಾವ ಸೊಪ್ಪೂ ಉಪಯುಕ್ತವೆನಿಸುವುದಿಲ್ಲ.

ಲಾವಂಚದ ವಿಷಯ ಬೇರೆಯೇ. ಅದರ ಪರಿಮಳ ಎಲೆಯಲ್ಲಿಲ್ಲ, ಬೇರಿನಲ್ಲಿದೆ. ಭಾರವಾದ, ನಿಧಾನವಾಗಿ ಹಾರುವ ಎಣ್ಣೆಯಾದ್ದರಿಂದ ತುಳಸಿಯಂತೆ ಗಳಿಗೆಯಲ್ಲಿ ಮಾಯವಾಗುವುದಿಲ್ಲ. ಬೇರಿನ ಸಣ್ಣ ಕಟ್ಟೊಂದನ್ನು ಮಣ್ಣು ಹೋಗುವಂತೆ ನಾಲ್ಕು ನೀರಿನಲ್ಲಿ ತೊಳೆದು, ದಾರ ಸುತ್ತಿ, ಮಣ್ಣಿನ ಹೂಜಿಗೆ ಇಳಿಬಿಟ್ಟರೆ ಮೊದಲ ದಿನದ ನೀರಿಗೆ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ, ಎರಡನೆಯ ದಿನಕ್ಕೆ ಅದು ಹದವಾಗುತ್ತದೆ. ಮೂರು ದಿನಕ್ಕೊಮ್ಮೆ ಕಟ್ಟನ್ನು ತೆಗೆದು ಬಿಸಿಲಿಗೆ ಒಣಹಾಕಬೇಕು. ಒಂದು ಬೇಸಗೆ ನಾನು ಮರೆತು ಎರಡು ವಾರ ಹಾಗೆಯೇ ಬಿಟ್ಟೆ. ಬೇರು ಲೋಳೆ ಕಟ್ಟಿ, ಹೂಜಿ ನಾರಿ, ಕೊನೆಗೆ ಹೂಜಿಯನ್ನೂ ಎಸೆಯಬೇಕಾಯಿತು. ಅದೇ ಬೇರಿನಿಂದ ಹೆಣೆದ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದುದಂತೂ ಈಗ ಏರ್ ಕೂಲರಿನ ಪಕ್ಕೆಗಳಲ್ಲಿ ಮಾತ್ರ ನೋಡಲು ಸಿಗುತ್ತದೆ.

ಆದರೆ ಲಾವಂಚದ ಬಹುದೊಡ್ಡ ಉಪಯೋಗಕ್ಕೂ ಪರಿಮಳಕ್ಕೂ ಸಂಬಂಧವೇ ಇಲ್ಲ. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಕ್ಕೆ, ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣಿನ ಸವಕಳಿ ತಡೆಯಲು ಲಾವಂಚದ ಬೇಲಿಯನ್ನು ಊರೂರಿಗೆ ಹೇಳತೊಡಗಿದಾಗ ಅವರಿಗೆ ಕಂಡ ಉದಾಹರಣೆಗಳಲ್ಲಿ ನಮ್ಮ ಗುಂಡ್ಲುಪೇಟೆ ಸೀಮೆಯ ಹೊಲಗಳೂ ಇದ್ದವು. ಅಲ್ಲಿನ ರೈತರು ತಲೆಮಾರುಗಳಿಂದ ಬದುವಿನ ಮೇಲೆ ಲಾವಂಚದ ಸಾಲು ಬೆಳೆಸಿಕೊಂಡು ಬಂದಿದ್ದರು. ದಕ್ಷಿಣದಲ್ಲಿ ನೆಡುವ ಲಾವಂಚ ಬೀಜ ಉದುರಿಸಿ ಹೊಲದ ಒಳಗೆ ಹಬ್ಬುವುದಿಲ್ಲ, ಹಿಂಡನ್ನು ಬಿಡಿಸಿ ನೆಟ್ಟಲ್ಲೇ ನಿಲ್ಲುತ್ತದೆ, ಹಾಗಾಗಿ ಬದುವಿನ ಗುರುತಿಗೂ ಸರಿಹೋಗುತ್ತದೆ. ಪರಿಮಳಕ್ಕಾಗಿ ಬೇರು ಕಿತ್ತರೆ ಬೇಲಿ ಹೋಗುತ್ತದೆ, ಬೇಲಿಗಾಗಿ ಬಿಟ್ಟರೆ ಪರಿಮಳ ನೆಲದೊಳಗೇ ಉಳಿಯುತ್ತದೆ. ಗುಂಡ್ಲುಪೇಟೆಯವರು ಬಿಡುವುದನ್ನು ಆರಿಸಿಕೊಂಡಿದ್ದರು.

ಬಟ್ಟೆ ಮತ್ತು ಧಾನ್ಯಗಳ ಕಡೆ ಬಂದರೆ ಈ ಗಿಡಗಳ ಕೆಲಸ ಇನ್ನೂ ಸ್ಪಷ್ಟ. ಬಜೆಯ ಬೇರನ್ನು ಟ್ರಂಕಿನ ರೇಷ್ಮೆ ಸೀರೆಗಳ ನಡುವೆ, ಲಕ್ಕಿ ಸೊಪ್ಪನ್ನು ಕಾಳಿನ ಡಬ್ಬಗಳಲ್ಲಿ ಇಡುತ್ತಿದ್ದುದು ಹುಳುವಿಗಾಗಿ. ನಮ್ಮ ಮೂಗಿಗೆ ಹಿತವಾದದ್ದು ಹುಳುವಿಗೆ ಬೇಡವಾದದ್ದು. ಗಿಡ ಆ ಎಣ್ಣೆಯನ್ನು ಮಾಡಿಕೊಂಡಿರುವುದೇ ಹೆಚ್ಚಾಗಿ ತನ್ನನ್ನು ತಿನ್ನಬರುವವರನ್ನು ದೂರವಿಡಲು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳನ್ನು ನುಸಿ ತಿನ್ನದಿರಲೆಂದು ಒಣಗಿದ ಪಚ್ಚೆತೆನೆಯ (ಪಚೌಲಿ) ಎಲೆಗಳೊಂದಿಗೆ ಕಟ್ಟಿ ಯೂರೋಪಿಗೆ ಕಳಿಸುತ್ತಿದ್ದರು. ಅಲ್ಲಿನವರು ಆ ವಾಸನೆ ಇದ್ದರೆ ಮಾತ್ರ ಶಾಲು ಅಸಲಿ ಎಂದು ನಂಬತೊಡಗಿದರಂತೆ. ಹುಳುವನ್ನು ಓಡಿಸಲು ಹಾಕಿದ ಎಲೆ ಗಿರಾಕಿಯನ್ನು ಕರೆತಂದಿತು.

ಹುಳುವಿಗೆ ವಿಷವಾಗುವುದು ನಮಗೆ ಸದಾ ಅಮೃತವಾಗಿರಬೇಕೆಂಬ ನಿಯಮವಿಲ್ಲ, ಮತ್ತು ಪಟ್ಟಿಗಳ ಮೇಲೆ ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಮಗುವಿಗೆ ಮಾತು ಬೇಗ ಬರಲಿ ಎಂದು ಬಜೆಯನ್ನು ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ವಸ್ತುವಿದೆ, ನಮ್ಮ ದೇಶದಲ್ಲಿ ಬೆಳೆಯುವ ಬಜೆಯಲ್ಲಿ ಅದು ಬಹಳ ಹೆಚ್ಚು. ಅದನ್ನು ತಿನ್ನಿಸಿದ ಇಲಿಗಳಲ್ಲಿ ಗೆಡ್ಡೆಗಳು ಕಂಡುಬಂದ ಕಾರಣ ಅಮೆರಿಕ 1968ರಲ್ಲಿಯೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ದೊಡ್ಡಪತ್ರೆಯ ಎಲೆಯನ್ನು ಬಾಡಿಸಿ ರಸ ಹಿಂಡಿ ಜೇನುತುಪ್ಪದಲ್ಲಿ ಬೆರೆಸಿ ಹಸುಗೂಸಿಗೆ ಕೊಡುವುದೂ ಹಾಗೆಯೇ. ಅಲ್ಲಿ ಅಪಾಯವಿರುವುದು ಸೊಪ್ಪಿನಲ್ಲಲ್ಲ, ಜೇನಿನಲ್ಲಿ, ಏಕೆಂದರೆ ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟ್ಯುಲಿಸಮ್ ಎಂಬ, ನರಗಳನ್ನು ಸೋಲಿಸುವ ವಿಷಬಾಧೆ ಬರಬಹುದೆಂದು ಮಕ್ಕಳ ವೈದ್ಯರು ಎಲ್ಲೆಡೆ ಎಚ್ಚರಿಸುತ್ತಾರೆ. ಬಾಣಂತಿಯ ಕೋಣೆಯ ಕದ ಮುಚ್ಚಿ ಧೂಪ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಹೊಗೆ ಯಾವ ಸೊಪ್ಪಿನದ್ದಾದರೂ ಎಳೆಯ ಶ್ವಾಸಕೋಶಕ್ಕೆ ಹೊಗೆಯೇ.

ಹಾಗಾದರೆ ಹಳಬರ ತಿಳಿವಳಿಕೆಯೆಲ್ಲ ಬರಿಯ ನಂಬಿಕೆಯೇ ಎಂದು ಕೇಳುವವರಿಗೆ ದವನದ ಹತ್ತಿರದ ನಂಟನೊಬ್ಬನ ಕಥೆ ಹೇಳುತ್ತೇನೆ. ದವನ ಸೇರಿದ ಆರ್ಟಿಮೀಸಿಯಾ ಕುಲದ್ದೇ ಇನ್ನೊಂದು ಗಿಡ ಚೀನಾದಲ್ಲಿ ಜ್ವರಕ್ಕೆ ಬಳಕೆಯಲ್ಲಿತ್ತು. 1970ರ ದಶಕದ ಆರಂಭದಲ್ಲಿ ತೂ ಯುಯು ಎಂಬ ವಿಜ್ಞಾನಿ ಅದರಿಂದ ಮಲೇರಿಯಾ ಮದ್ದು ತೆಗೆಯಲು ಹೊರಟು, ಸಾರ ತೆಗೆಯುವ ಮಾಮೂಲಿ ವಿಧಾನದಲ್ಲಿ ಸ್ಥಿರವಾದ ಫಲ ಸಿಗದೆ ಸೋತಿದ್ದರು. ನಾಲ್ಕನೆಯ ಶತಮಾನದ ವೈದ್ಯ ಗೆ ಹೊಂಗ್ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿದ ರಸವನ್ನು ಕುಡಿಯಲು ಹೇಳಿದ್ದನೇ ಹೊರತು ಕುದಿಸಲು ಹೇಳಿರಲಿಲ್ಲವೆಂಬುದು ಅವರ ಗಮನಕ್ಕೆ ಬಂತು. ಕಡಿಮೆ ಬಿಸಿಯಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದಾಗ ಮದ್ದು ಸಿಕ್ಕಿತು. ಅದೇ ಆರ್ಟಿಮಿಸಿನಿನ್, 2015ರಲ್ಲಿ ಅವರಿಗೆ ನೊಬೆಲ್ ಬಂದದ್ದು ಅದಕ್ಕೇ. ಹಳೆಯ ಪುಸ್ತಕದ ಒಂದು ಸಾಲನ್ನು ಅವರಷ್ಟು ಎಚ್ಚರದಿಂದ ಓದಿದವರು ನಮ್ಮ ಪಟ್ಟಿ ಹಂಚುವವರಲ್ಲಿ ಎಷ್ಟು ಮಂದಿ ಇದ್ದಾರು? ಓದಿ ಸುಮ್ಮನಾಗದೆ ಅವರು ಅದನ್ನು ಪರೀಕ್ಷೆಗೂ ಒಡ್ಡಿದರು. ಇಂದು ಆ ಗಿಡದ ಸೊಪ್ಪಿನ ಚಹಾವನ್ನೇ ಮಲೇರಿಯಾಗೆ ಕುಡಿಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಏಕೆಂದರೆ ಒಂದು ಲೋಟಕ್ಕೆ ಎಷ್ಟು ಮದ್ದು ಇಳಿಯಿತೆಂದು ಯಾರೂ ಅಳೆಯಲಾರರು. ದವನದಲ್ಲಿ ಆರ್ಟಿಮಿಸಿನಿನ್ ಹುಡುಕಲು ಯಾರೂ ಹೊರಡಬೇಡಿ. ನಂಟಸ್ತಿಕೆ ಅಷ್ಟು ದೂರ ಹೋಗುವುದಿಲ್ಲ.

ಕಾಯಿಲೆ ವಾಸಿ ಮಾಡದಿದ್ದರೂ ಹಿತವೆನಿಸುವುದು ಸುಳ್ಳಲ್ಲ ಎಂಬುದನ್ನು ಪುದೀನ ಚೆನ್ನಾಗಿ ತೋರಿಸುತ್ತದೆ. ಪುದೀನದ ಜಾತಿಗಳಿಂದ ಸಿಗುವ ಮೆಂಥಾಲ್ ಕಟ್ಟಿದ ಮೂಗನ್ನು ಬಿಡಿಸುವುದಿಲ್ಲ. ತಂಪನ್ನು ಗುರುತಿಸುವ ನರಗಳನ್ನು ತಟ್ಟಿ, ತಣ್ಣನೆಯ ಗಾಳಿ ಒಳಗೆ ಹೋಗುತ್ತಿದೆಯೆಂಬ ಭಾವನೆ ಹುಟ್ಟಿಸುತ್ತದೆ. ನೆಗಡಿಯ ರಾತ್ರಿ ನಿದ್ದೆ ಹತ್ತಲು ಎಷ್ಟೋ ಸಲ ಅಷ್ಟೇ ಸಾಕು.

ಕಳೆದ ವರ್ಷ ನಾನು ದವನದ ಫೋಟೋ ಹಾಕಿದಾಗ ಬೀಜದ ಬಗ್ಗೆ ಕೇಳಿದ್ದವರಿಗೆ ಇಷ್ಟು: ಹಿಂದಿನ ಬೆಳೆಯ ಹೊಸ ಬೀಜವನ್ನೇ ತನ್ನಿ, ಹಳೆಯದು ಮೊಳೆಯುವುದಿಲ್ಲ. ಬೀಜ ಪುಡಿಯಷ್ಟು ಸಣ್ಣ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮರಳಿನ ಜೊತೆ ಬೆರೆಸಿ ಮೇಲೆಮೇಲೆ ಚೆಲ್ಲಿ, ಕೈಯಲ್ಲಿ ನೀರು ಚಿಮುಕಿಸಿ. ಪಾತ್ರೆಯಿಂದ ಸುರಿದರೆ ಎಲ್ಲ ಕುಂಡದ ಒಂದೇ ಮೂಲೆಗೆ ಹೋಗಿ ಸೇರುತ್ತದೆ. ನನ್ನ ಮೊದಲ ಕುಂಡದಲ್ಲಿ ಆದದ್ದು ಅದೇ, ಬಂದ ಏಳು ಗಿಡವೂ ಅಂಚಿಗೆ ಒತ್ತಿಕೊಂಡೇ ಬೆಳೆದವು.